ಮಾಳಿಗಿ ಮ್ಯಾಲೆ ಛತ್ರಿ

ಆ ವರ್ಷ ಶಿವರಾತ್ರಿಯ ಹೊತ್ತಿಗೆ ರೇಣುಕಾದೇವಿಯ ಮನೆಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಬ್ಬಳ್ಳಿಯಿಂದ ಬಂದಿಳಿದ ಸೆಟ್‌ಟಾಪ್ ಬಾಕ್ಸುಗಳ ರಟ್ಟಿನ ಡಬ್ಬಗಳು ಗೋಡೆಗುಂಟ ಎದೆಮಟ್ಟ ನಿಂತಿದ್ದವು. ಜೋಳದ ಚೀಲ ಅಡುಗೆಮನೆ ಸೇರಿತ್ತು. ಅತ್ತೆ ಮುದಕಮ್ಮನ ಹಾಸಿಗೆ ದೇವರ ಕೋಣೆಯ ಬಾಗಿಲಿಗೆ ಸರಿದಿತ್ತು. ಎರಡು ಸಾವಿರದ ಹದಿನೇಳನೆಯ ಇಸವಿ ಅದು. ಮಾರ್ಚ್ ಮುಗಿಯುವುದರೊಳಗೆ ಎಲ್ಲರ ಮನೆಯಲ್ಲೂ ಬಾಕ್ಸ್ ಕೂರಬೇಕು, ಇಲ್ಲದಿದ್ದರೆ ಕೇಬಲ್ ಬಂದ್ ಎಂದು ಸರ್ಕಾರದ ಆಜ್ಞೆಯಾಗಿತ್ತು.

ಕೊಪ್ಪಳದ ಕೋಟೆಯ ಬೆನ್ನಿಗಿರುವ ಆ ಓಣಿಯಲ್ಲಿ 'ಕೇಬಲ್ ಕಲ್ಲೇಶಪ್ಪನ ಮನಿ' ಎಂದರೆ ಸಣ್ಣ ಮಕ್ಕಳೂ ಕೈ ಮಾಡಿ ತೋರಿಸುತ್ತಿದ್ದರು. ರೇಣುಕಾದೇವಿಯ ಗಂಡ ಕಲ್ಲೇಶ, ಕೊಪ್ಪಳ ಜಿಲ್ಲೆಯಾದ ತೊಂಬತ್ತೇಳರಲ್ಲಿಯೇ ಮಾಳಿಗೆಯ ಮೇಲೆ ದೊಡ್ಡ ಛತ್ರಿ ನಿಲ್ಲಿಸಿದವನು. ಡಿಶ್ ಆಂಟೆನಾಕ್ಕೆ ಓಣಿಯವರು ಇಟ್ಟ ಹೆಸರು ಅದು. ಮರುವರ್ಷ ರೇಣುಕಾದೇವಿ ಮದುವೆಯಾಗಿ ಬಂದಳು. ಹತ್ತೊಂಬತ್ತು ವರ್ಷದಿಂದ ರೊಟ್ಟಿ ಬಡಿಯುತ್ತಲೇ ಎಡಗೈಯಲ್ಲಿ ಫೋನ್ ಹಿಡಿದು ಊರವರ ದೂರು ಕೇಳುತ್ತಿದ್ದಳು. ಯಾರ ಮನೆಯ ವಯರು ಯಾವ ಬೇವಿನ ಮರದ ಮೇಲಿನಿಂದ ಹೋಗಿದೆ ಎಂಬುದು ಅವಳ ಬಾಯಲ್ಲೇ ಇತ್ತು.

ಈಗ ಬಾಕ್ಸುಗಳ ಕಾಲ. ಕಲ್ಲೇಶ ಕೈಜೋಡಿಸಿದ್ದ ಹುಬ್ಬಳ್ಳಿ ಕಂಪನಿಯದು ಕೆಂಪು ಬಾಕ್ಸು. ಗಂಗಾವತಿಯ ಅಮರಪ್ಪ ಎಂಬಾತ ಬೇರೊಂದು ಕಂಪನಿಯ ನೀಲಿ ಬಾಕ್ಸು ತಂದು ಗಂಗಾವತಿ, ಕುಷ್ಟಗಿ, ಯಲಬುರ್ಗಾ ಮೂರೂ ಕಡೆ ಹಚ್ಚಿ ಮುಗಿಸಿದ್ದ. ಈಗ ಕೊಪ್ಪಳದ ಹೊಸ ಬಡಾವಣೆಗಳಲ್ಲೂ ಅವನ ಹುಡುಗರು ಏಣಿ ಹಿಡಿದು ಓಡಾಡತೊಡಗಿದ್ದರು. ಅಮರಪ್ಪನ ಹೆಸರು ಕೇಳಿದರೆ ಕಲ್ಲೇಶನಿಗೆ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಇದರ ನಡುವೆಯೇ ಕಲ್ಲೇಶನ ತಮ್ಮ ಗಾಳೇಶ ಹೊಸ ಚಾನೆಲ್ ಒಂದನ್ನು ಶುರು ಮಾಡಲು ಹೊರಟಿದ್ದ. ಇಪ್ಪತ್ತೆಂಟರ ಹುಡುಗ, ಇನ್ನೂ ಮದುವೆಯಿಲ್ಲ. ಮಾಳಿಗೆಯ ಮೇಲಿದ್ದ ಅಣ್ಣನ ಕಂಟ್ರೋಲ್ ರೂಮಿನಲ್ಲೇ ಕೆಲಸ ಕಲಿತು, ಮದುವೆ ಮುಂಜಿಯ ವಿಡಿಯೋ ತೆಗೆದು ಕೈ ಪಳಗಿಸಿಕೊಂಡವನು. ಚಾನೆಲ್ಲಿಗೆ 'ಅಂಗಳ' ಎಂದು ಹೆಸರಿಟ್ಟಿದ್ದ. ಜವಾಹರ ರಸ್ತೆಯಲ್ಲಿ ಗಾದಿ ಹೊಲಿಯುವ ನೂರಸಾಬನ ಅಂಗಡಿಯ ಮೇಲಿನ ಕೋಣೆಯೇ ಸ್ಟುಡಿಯೋ. ದನಿ ಗೋಡೆಗೆ ಬಡಿದು ಮರಳಬಾರದೆಂದು ನೂರಸಾಬ ಹಳೆಯ ಗಾದಿಗಳನ್ನು ತಾನೇ ಹೊತ್ತು ತಂದು ನಾಲ್ಕು ಗೋಡೆಗೂ ತೂಗುಹಾಕಿ, 'ಬಾಡಗಿ ಕೇಳಬ್ಯಾಡಪ, ಇವೇನ್ ಮಲಗೂ ಗಾದಿ ಅಲ್ಲ' ಎಂದಿದ್ದ.

ಒಂದು ಮಧ್ಯಾಹ್ನ ಊಟಕ್ಕೆ ಕುಳಿತಾಗ ಗಾಳೇಶ ಮಾತು ತೆಗೆದ. ಅಂದು ಪುಂಡಿಪಲ್ಲೆ ಮಾಡಿದ್ದಳು ರೇಣುಕಾದೇವಿ.

'ಅಣ್ಣ, ಯುಗಾದಿ ದಿನ ಹನ್ನೊಂದಕ್ಕ ಚಾಲೂ ಮಾಡೂದು ಅಂತ ಆಗೇತಿ.'

'ಛಲೋ ಆತು. ಕಂಪನಿಯವ್ರು ಊರ ಚಾನೆಲ್ಲಿಗೆ ಅಂತ ನೂರಾ ಎರಡು ನಂಬರ್ ಕೊಟ್ಟಾರ. ಖಾಲಿ ಇಟ್ಟೀನಿ ನಿನಗ. ಮ್ಯಾಲ ಒಂದು ವಯರ್ ಚುಚ್ಚಿದ್ರ ಮುಗೀತು.'

'ಅಮರಪ್ಪನವ್ರೂ ನಂಬರ್ ಕೊಟ್ಟಾರ. ಎಂಟುನೂರಾ ಹದಿನಾಲ್ಕು.'

ಕಲ್ಲೇಶನ ಕೈಯಲ್ಲಿದ್ದ ರೊಟ್ಟಿಯ ತುಣುಕು ತಾಟಿಗೆ ಮರಳಿತು. 'ಯಾವ ಅಮರಪ್ಪ?'

'ಎಷ್ಟು ಮಂದಿ ಅದಾರಣ್ಣ ಅಮರಪ್ಪಗೋಳು?'

'ನಮ್ಮ ಮನ್ಯಾಗ ಹುಟ್ಟಿದ ಕೂಸನ್ನ ಒಯ್ದು ಅವನ ತೊಟ್ಟಲದಾಗ ಹಾಕ್ತೀಯಾ?'

'ಎರಡೂ ತೊಟ್ಟಲದಾಗ ಹಾಕ್ತೀನಿ. ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲಾ ನೀಲಿ. ನಿನ್ನ ಕೆಂಪು ಕೊಪ್ಪಳ ಊರಾಗ ಮುಗೀತು. ಜಿಲ್ಲಾದ ಚಾನೆಲ್ ಅಂತ ಬೋರ್ಡ್ ಹಾಕಿ ಒಂದ ಊರಿಗೆ ತೋರಿಸಿದ್ರ ಮಂದಿ ಏನಂದಾರು?'

'ಏನರ ಅನ್ಲಿ. ಅಂಗಳ ನೋಡಬೇಕು ಅಂದ್ರ ಕೆಂಪು ಬಾಕ್ಸ್ ತಗೋಬೇಕು. ಹಂಗಾದ್ರ ನಾ ಉಳೀತೀನಿ. ಅಲ್ಲೂ ಬಂತಂದ್ರ ನನ್ನ ಬಾಕ್ಸ್ ಯಾರು ಕೇಳ್ತಾರ? ಈ ಡಬ್ಬಿ ಎಲ್ಲಾ ಏನ್ ಕೋಳಿಗೂಡು ಮಾಡ್ಲಿ?'

ಮುದಕಮ್ಮ ಮೊಸರು ಕಲಸುತ್ತಿದ್ದ ಕೈ ನಿಲ್ಲಿಸಿ ಕೇಳಿದಳು. 'ತಳಕಲ್ಲಾಗ ನಮ್ಮಕ್ಕನ ಮನ್ಯಾಗ ಯಾವ ಬಣ್ಣದ್ದೈತ್ಯೋ?'

'ನೀಲಿ, ಆಯಿ,' ಎಂದಳು ಅಮೃತಾ. ಕಲ್ಲೇಶ ರೇಣುಕಾದೇವಿಯರ ಒಬ್ಬಳೇ ಮಗಳು, ಪಿಯುಸಿ ಓದುತ್ತಿದ್ದಳು.

ಮುದಕಮ್ಮನ ಅಕ್ಕ ಯಂಕವ್ವ ಸೊಂಟ ಮುರಿದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಳು. ಮುದಕಮ್ಮನಿಗೆ ಮೊಣಕಾಲು ಹಿಡಿದು ಬಸ್ಸಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ನಲವತ್ತು ನಿಮಿಷದ ದಾರಿ ಇಬ್ಬರಿಗೂ ಕಾಶಿಯಷ್ಟು ದೂರವಾಗಿತ್ತು. ಗಾಳೇಶ ಚಾನೆಲ್ ಶುರು ಮಾಡುವನೆಂದು ತಿಳಿದ ದಿನದಿಂದ ಮುದಕಮ್ಮನಿಗೆ ಒಂದೇ ಆಸೆ. ಟಿವಿಯಲ್ಲಾದರೂ ಅಕ್ಕ ತನ್ನ ಮುಖ ನೋಡಲಿ.

'ಹಂಗಾರ ನೀಲಿನೂ ಬೇಕಲ್ಲೋ ಕಲ್ಲಪ್ಪಾ.'

'ನೀ ಸುಮ್ನಿರವ್ವಾ. ಲೇ ತಮ್ಮಾ, ಅಲ್ಲಿ ತೋರಿಸಿದ್ರ ಇಲ್ಲಿ ತೋರಿಸೂದಿಲ್ಲ. ಒಂದ ಮನಿ ಹಿಡಿ.'

ಗಾಳೇಶ ಮೊಸರನ್ನ ಮುಟ್ಟದೆ ಎದ್ದ. ಬಚ್ಚಲಲ್ಲಿ ಕೈ ತೊಳೆದು, ಗೂಟಕ್ಕಿದ್ದ ಅಂಗಿ ತೆಗೆದುಕೊಂಡು ಹೊರಬಿದ್ದ. ಹೊಸ್ತಿಲ ಬಳಿ ನಿಂತು, 'ವೈನಿ, ಪಲ್ಲೆ ಛಲೋ ಆಗಿತ್ತು' ಎಂದು ಹೇಳಲು ಮಾತ್ರ ಮರೆಯಲಿಲ್ಲ.

ಅಂದಿನಿಂದ ಅವನು ಗಾದಿಯ ಕೋಣೆಯಲ್ಲೇ ಮಲಗತೊಡಗಿದ. ಊಟ ಬಸ್‌ಸ್ಟ್ಯಾಂಡ್ ಹತ್ತಿರದ ಖಾನಾವಳಿಯಲ್ಲಿ ಎಂದು ಅಮೃತಾ ಸುದ್ದಿ ತಂದಳು. ಮರುದಿನವೇ ರೇಣುಕಾದೇವಿ ನಾಲ್ಕು ರೊಟ್ಟಿ, ಪಲ್ಲೆ ಕಟ್ಟಿ ಮಗಳ ಕೈಗೆ ಕೊಟ್ಟಳು. ಕಾಲೇಜಿಗೆ ಹೋಗುವ ದಾರಿಯಲ್ಲಿ ಕೊಟ್ಟು ಹೋಗುವುದೆಂದಾಯಿತು. ಗಂಡನಿಗೆ ಹೇಳಲಿಲ್ಲ, ಮುಚ್ಚಿಡಲೂ ಇಲ್ಲ. ಕಲ್ಲೇಶ ಒಲೆಯ ಮುಂದೆ ಚಹಾ ಕುಡಿಯುತ್ತ ಕುಳಿತು ರೊಟ್ಟಿಯ ಬುಟ್ಟಿ ನೋಡುತ್ತಿದ್ದ.

'ಮನ್ಯಾಗ ಮಂದಿ ನಾಲ್ಕು. ರೊಟ್ಟಿ ಇಪ್ಪತ್ತು ಬಡದೀದಿ.'

'ಇರ್ಲಿ ಬಿಡ್ರಿ. ಯಾರರ ಬರ್ತಾರ.'

'ಬರಾವ್ರಿಗೆ ಶೇಂಗಾ ಹಿಂಡಿ ಬೇಕಾಕ್ಕೈತಿ ಮತ್ತ. ಅದಿಲ್ದ ಅವ್ರು ರೊಟ್ಟಿ ಮುಟ್ಟೂದಿಲ್ಲ,' ಎಂದು ಎದ್ದು ಹೋದ.

ರೇಣುಕಾದೇವಿ ಬಾಯಿಗೆ ಸೆರಗು ಒತ್ತಿಕೊಂಡಳು. ಆ ದಿನದಿಂದ ಬುತ್ತಿಯಲ್ಲಿ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿ ತಪ್ಪಲಿಲ್ಲ.

ಆದರೆ ಅಣ್ಣತಮ್ಮಂದಿರ ಮಾತು ನಿಂತೇ ಹೋಗಿತ್ತು. ಏನೇ ಹೇಳುವುದಿದ್ದರೂ ಅಮೃತಾಳ ಮೂಲಕ.

'ನಿಮ್ಮ ಕಾಕಾಗ ಹೇಳು, ಅವನ ಸೈಕಲ್ ಮೋಟರಿನ ಕಾಗದ ಇಲ್ಲೇ ಅದಾವ.'

'ಪಪ್ಪಾ, ನನಗೂ ಬಾಕ್ಸ್ ಮಾಡಿ ನಂಬರ್ ಹಾಕಿಬಿಡು. ಅತ್ತಾಗಿನ ಮಾತು ಇತ್ತಾಗ, ಇತ್ತಾಗಿನ ಮಾತು ಅತ್ತಾಗ.'

'ಬಾಯಿ ಭಾಳ ಆತು ನಿಂದು.'

ಹದಿನೈದು ದಿನ ಹೀಗೆ ನಡೆಯಿತು. ಕಲ್ಲೇಶ ಕೆಲಸದ ಮೇಲೆ ಕುಷ್ಟಗಿಗೆ ಹೋದ ಒಂದು ಮಧ್ಯಾಹ್ನ ಗಾಳೇಶ ಕ್ಯಾಮೆರಾ ಚೀಲ ಹೆಗಲಿಗೆ ಹಾಕಿಕೊಂಡು ಹಿತ್ತಲ ಬಾಗಿಲಿನಿಂದ ಬಂದ. ಮುದಕಮ್ಮ ಅವನ ಗಲ್ಲ ಸವರಿ, 'ಸಣ್ಣಪ್ಪಾ, ಇಳದೀಯಲ್ಲೋ' ಎಂದಳು. ಅವಳು ಈ ಮಗನನ್ನು ಒಂದು ದಿನವೂ ಹೆಸರು ಹಿಡಿದು ಕರೆದವಳಲ್ಲ. ಗಾಳೇಶ ಎಂಬುದು ಅವಳ ಮಾವನವರ ಹೆಸರು. ಮಗನಿಗಿಟ್ಟರೂ ಸೊಸೆಯ ಬಾಯಲ್ಲಿ ಬರಬಾರದು. ಹೆಣ್ಣುಮಕ್ಕಳು ಗಂಡನ ಹೆಸರನ್ನೂ ಹಾಗೆಯೇ ಬಾಯಲ್ಲಿ ತರುವುದಿಲ್ಲ. ಹಬ್ಬದಲ್ಲೋ ಮದುವೆಯಲ್ಲೋ ಸುತ್ತಲಿನವರು ಹಿಡಿದು ನಿಲ್ಲಿಸಿದರೆ, ಒಡಪು ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು.

'ವೈನಿ, ಮೊದಲನೇ ಕಾರ್ಯಕ್ರಮ ಒಡಪಿಂದು,' ಎಂದ ಗಾಳೇಶ. 'ನಾಕೂ ತಾಲೂಕು ತಿರುಗಿ ಹತ್ತು ಮಂದಿ ಹೆಣ್ಣಮಕ್ಕಳದ್ದು ತಗೊಂಡೀನಿ. ಕೊಪ್ಪಳದ್ದು ನಿಮ್ಮದು.'

'ಅಯ್ಯ, ಟಿವ್ಯಾಗ ನಾ ಅವರ ಹೆಸರು ಹೇಳ್ಲಾ? ಹುಚ್ಚ ಹಿಡದೈತೇನು ನಿನಗ?'

'ಒಡಪಿನ್ಯಾಗ ಹೇಳಿದ್ರ ಅದು ಹೇಳಿದ್ಹಂಗಲ್ಲ. ನಿಮ್ಮಿಂದನ ಕಲ್ತಿದ್ದು ನಾನು.'

'ನನ್ನಿಂದ ಎಲ್ಲಿ? ನಿನ್ನಿಂದ ನಾ ಕಲ್ತಿದ್ದು.'

ಅದು ನಿಜವೇ. ಮದುವೆಯಾಗಿ ಈ ಮನೆಯ ಹೊಸ್ತಿಲಿಗೆ ಬಂದ ದಿನ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಂತು ಹೆಸರು ಹೇಳು ಎಂದಾಗ, ತವರಿನಲ್ಲಿ ಅವ್ವ ಕಲಿಸಿದ ನಾಲ್ಕು ಸಾಲಿನ ಒಡಪು ರೇಣುಕಾದೇವಿಗೆ ಪೂರಾ ಮರೆತುಹೋಗಿತ್ತು. ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಗ ಬಾಗಿಲ ಸಂದಿನಲ್ಲಿ ನಿಂತಿದ್ದ ಒಂಬತ್ತು ವರ್ಷದ ಮೈದುನ, ಕೈಯಲ್ಲಿ ವಯರಿನ ಸುರುಳಿ ಹಿಡಿದುಕೊಂಡೇ, ತಾನೇ ಕಟ್ಟಿದ ಎರಡು ಸಾಲು ಪಿಸುಗುಟ್ಟಿದ್ದ. ಅವಳು ಅದನ್ನೇ ಹೇಳಿ ಒಳಗೆ ಬಂದಿದ್ದಳು. ನೆರೆದವರು ನಕ್ಕೂ ನಕ್ಕೂ ಸುಸ್ತಾಗಿದ್ದರು.

ರೇಣುಕಾದೇವಿ ಒಲೆಯ ಉರಿ ತಗ್ಗಿಸಿದಳು. ಆಮೇಲೆ ಎದ್ದು ಮುಖ ತೊಳೆದು, ಇಳಕಲ್ಲಿನ ಹಸಿರು ಸೀರೆ ಉಟ್ಟು ಬಂದಳು. 'ಅತ್ತಿನ್ನೂ ನನ್ನ ಬಾಜೂಕ ಕೂಡಸು. ತಳಕಲ್ಲವ್ರು ನೋಡಬೇಕಲ್ಲ.'

ಗಾಳೇಶ ಮುದಕಮ್ಮನಿಗೂ ಒಂದು ಒಡಪು ಹೇಳೆಂದ. ಅವಳು ತಲೆಯಾಡಿಸಿದಳು. 'ಒಡಪಿಗೆ ಕೇಳಿ ನಗಾವ್ರು ಇರಬೇಕಪ್ಪ. ನಿಮ್ಮಪ್ಪಾರು ಹೋದ ಮ್ಯಾಲ ಯಾರ ಮುಂದ ಹೇಳ್ಲಿ? ನಾ ರೊಟ್ಟಿ ಬಡೀತೀನಿ, ನೀ ಅದನ್ನ ಹಿಡಿ. ನಮ್ಮಕ್ಕ ನನ್ನ ಕೈ ಗುರುತು ಹಿಡೀತಾಳ.' ಗಾಳೇಶ ಕ್ಯಾಮೆರಾವನ್ನು ಅವಳ ಕೈಗಳತ್ತ ತಿರುಗಿಸಿದ. ಆಮೇಲೆ, 'ಇಬ್ರೂ ಮಾತಾಡ್ಕೋತ ಬಡೀರಿ' ಎಂದ.

ಯುಗಾದಿಯ ಹಿಂದಿನ ಸಂಜೆಯವರೆಗೂ ಕಲ್ಲೇಶ ಮನಸ್ಸು ಬದಲಿಸಲಿಲ್ಲ. ನೂರಾ ಎರಡನೆಯ ನಂಬರ್ ಒತ್ತಿದರೆ ಕಪ್ಪು ಪರದೆ. ಅಮೃತಾ ಅವ್ವನ ಕಿವಿಯ ಹತ್ತಿರ ಬಂದಳು.

'ಮಮ್ಮಿ, ಕಾಕಾ ನಿನ್ನೆ ಪೇಟಿಯಿಂದ ನಮ್ಮ ಮಾಳಿಗಿತನಕ ಲೈನ್ ಎಳದಾನ. ಕಂಟ್ರೋಲ್ ರೂಮಿನ ಕೀಲಿ ಅಲ್ಲೇ ಮೊಳಿಗೆ ಐತಿ. ಯಾವ ವಯರ್ ಎಲ್ಲಿ ಚುಚ್ಚಬೇಕು ನಿನಗ ಗೊತ್ತೈತಿ. ಒಂದ ನಿಮಿಷದ ಕೆಲಸ.'

'ಚುಚ್ಚಾಕ ಬರತೈತಿ ನನಗ. ನಂಬಿ ಕೀಲಿ ಮೊಳಿಗೆ ಹಾಕಿ ಹೋಗ್ಯಾರಂತ ಚುಚ್ಚಬಾರದು. ಅದು ಅವರ ಕೈಲೇ ಆಗಬೇಕು.'

'ಆಗಲಿಲ್ಲಂದ್ರ?'

'ಬ್ಯಾಳಿ ನೋಡು ಅಲ್ಲಿ, ಉಕ್ಕಿ ಬರತೈತಿ,' ಎಂದಳು ರೇಣುಕಾದೇವಿ.

ಹಬ್ಬದ ದಿನ ಬೇವು ಬೆಲ್ಲ ಬಾಯಿಗೆ ಹಾಕಿಕೊಂಡವನೇ ಕಲ್ಲೇಶ ಏಣಿ ತೆಗೆದುಕೊಂಡು ಹೊರಟ. ಹಬ್ಬದ ದಿನವೂ ಎಂಥ ದೂರು ಎಂದು ಯಾರೂ ಕೇಳಲಿಲ್ಲ. ಮುದಕಮ್ಮ ಹೊಸ ಸೀರೆ ಉಟ್ಟು ಕಪ್ಪು ಪರದೆಯ ಮುಂದೆ ಕುಳಿತಿದ್ದಳು. ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಎದುರು ಮನೆಯ ಶಹನಾಜಬೇಗಂ ಹಿತ್ತಲ ಬಾಗಿಲಲ್ಲಿ ನಿಂತು ಪಿಸುಗುಟ್ಟಿದಳು.

'ರೇಣುಕಾ, ಅತ್ತಿನ್ನ ಕರ್ಕೊಂಡು ಬಾ. ಯಾಕಂತ ಕೇಳಬ್ಯಾಡ, ಬಾ.'

ಶಹನಾಜಬೇಗಂ ಶಾಲೆಯ ಶಿಕ್ಷಕಿಯಾಗಿ ನಿವೃತ್ತಿಯಾದವಳು. ತೊಂಬತ್ತೇಳರಲ್ಲಿ ಕಲ್ಲೇಶನ ಮೊಟ್ಟಮೊದಲ ಕೇಬಲ್ ಗಿರಾಕಿ. ಅವಳ ಟಿವಿಯ ಕೆಳಗೆ ಕೆಂಪು ಬಾಕ್ಸಿತ್ತು. ಅದರ ಪಕ್ಕದಲ್ಲಿ ಕಸೂತಿ ಬಟ್ಟೆ ಮುಚ್ಚಿದ ಮತ್ತೊಂದು ಏನೋ ಇತ್ತು. ಅವಳು ಆ ಬಟ್ಟೆ ಎತ್ತಿದಳು. ನೀಲಿ ಬಾಕ್ಸು.

'ನನ್ನ ತಮ್ಮ ಗಂಗಾವತಿಯಿಂದ ತಂದು ಹಚ್ಚಿ ಹೋದ. ಬ್ಯಾಡಂದ್ರೂ ಕೇಳಲಿಲ್ಲ. ಕಲ್ಲೇಶಪ್ಪ ನೋಡಿದ್ರ ನೊಂದ್ಕೋತಾನಂತ ಮುಚ್ಚಿಟ್ಟೀನಿ.' ರಿಮೋಟಿನಲ್ಲಿ ಎಂಟು, ಒಂದು, ನಾಲ್ಕು ಒತ್ತಿದಳು.

ಪರದೆಯ ಮೇಲೆ ರಂಗೋಲಿಯೊಂದು ಬಿಡಿಸಿಕೊಂಡು ನಡುವೆ 'ಅಂಗಳ' ಎಂದು ಮೂಡಿತು. ಅಮೃತಾ ಚಪ್ಪಾಳೆ ತಟ್ಟಿದಳು. ಕುಷ್ಟಗಿಯ ಹೆಂಗಸು ಒಬ್ಬಳು ಒಡಪು ಹೇಳಿ ಓಡಿಹೋದಳು. ಗಂಗಾವತಿಯ ಗದ್ದೆಯಲ್ಲಿ ಸಸಿ ಹಿಡಿದು ನಿಂತವಳು ಗಂಡನ ಹೆಸರು ಬಂದಲ್ಲಿ ಸಸಿಯಿಂದಲೇ ಮುಖ ಮುಚ್ಚಿಕೊಂಡಳು. ಎಲ್ಲರೂ ನಗುತ್ತಿರುವಾಗ ಬಾಗಿಲಲ್ಲಿ ಏಣಿ ಗೋಡೆಗೆ ತಾಗಿದ ಸದ್ದಾಯಿತು.

ಕಲ್ಲೇಶ ನಿಂತಿದ್ದ. 'ಮನ್ಯಾಗ ಫೋನ್ ಹೊಡ್ಕೋಳಾಕತ್ತೈತಿ, ಯಾರೂ ಎತ್ತವಲ್ರಿ...' ಎಂದವನ ಮಾತು ನೀಲಿ ಬಾಕ್ಸು ನೋಡಿ ಅಲ್ಲೇ ನಿಂತಿತು.

ಶಹನಾಜಬೇಗಂ ಕಸೂತಿ ಬಟ್ಟೆ ಮಡಿಲಲ್ಲಿ ಮುದುಡಿಕೊಂಡು ಎದ್ದಳು. 'ಕಲ್ಲೇಶಪ್ಪಾ, ಇದು...'

'ಗೊತ್ತೈತ್ರಿ ಆಪಾ,' ಎಂದ ಕಲ್ಲೇಶ ನೆಲ ನೋಡುತ್ತ. 'ಮಾಳಿಗಿ ಮ್ಯಾಲ ನಿಮ್ಮ ತಮ್ಮ ವಯರ್ ಸಡ್ಲ ಬಿಟ್ಟಿದ್ದ. ಗಾಳಿಗೆ ಹರೀತಿತ್ತು. ಹೋದ ವಾರ ನಾನ ಬಿಗದು ಕಟ್ಟೀನಿ.'

ಶಹನಾಜಬೇಗಂಳ ಕಣ್ಣು ತುಂಬಿ ಬಂದವು. 'ನೋಡು, ಅದಕ್ಕ ನಿನ್ನ ಕೆಂಪು ನಾ ತಗದಿಲ್ಲ. ಮಂದಿ ಚಾನೆಲ್ ನೋಡಿ ಬಾಕ್ಸ್ ಇಟ್ಕೊಳ್ಳೂದಿಲ್ಲಪ್ಪ. ವಯರ್ ಹರದ್ರ ಯಾರು ಬರ್ತಾರಂತ ನೋಡ್ತಾರ. ಕೂಡು.'

ಅವನು ಕೂರಲಿಲ್ಲ. ಅಷ್ಟರಲ್ಲಿ ಪರದೆಯ ಮೇಲೆ ತನ್ನದೇ ಅಡುಗೆಮನೆ ಬಂದಿತ್ತು. ಮುದಕಮ್ಮ ರೊಟ್ಟಿ ಬಡಿಯುತ್ತಿದ್ದಳು. ಹಸಿರು ಸೀರೆಯ ರೇಣುಕಾದೇವಿ ಹಿಟ್ಟಿನ ಕೈ ಒರೆಸಿಕೊಂಡು ಎದುರು ನೋಡಿದಳು. ಅವಳ ತುಟಿ ಅಲುಗಿತು. ದನಿ ಆಮೇಲೆ ಬಂತು.

'ಏಣಿ ಮ್ಯಾಲೆ ಏಣಿ, ಮಾಳಿಗಿ ಮ್ಯಾಲೆ ಛತ್ರಿ,
ಕಲ್ಲೇಶರಿಗೆ ಹೇಳಿದ್ರ ಟಿವಿ ಬರತೈತಿ ಖಾತ್ರಿ.'

ಹೆಸರು ಕೇಳಿಸುವ ಹೊತ್ತಿಗೆ ಪರದೆಯ ಮೇಲಿನ ರೇಣುಕಾದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಾಗಿತ್ತು. ರೊಟ್ಟಿ ಬಡಿಯುವ ಸಪ್ಪಳವೂ ಕೈ ಎತ್ತಿದ ಮೇಲೆ ಕೇಳುತ್ತಿತ್ತು.

'ನೋಡ್ರೇ, ನಮ್ಮ ಸೊಸಿ ಬಾಯಿಲೆ ಹೇಳೇ ಇಲ್ಲ!' ಎಂದು ಮುದಕಮ್ಮ ತೊಡೆ ತಟ್ಟಿ ನಕ್ಕಳು. 'ಹೆಸರು ತಾನ ಬಂತು!'

ಇಲ್ಲಿ ಕುಳಿತ ರೇಣುಕಾದೇವಿಗೆ ತಲೆ ಎತ್ತಲಾಗಲಿಲ್ಲ. ಎತ್ತಿದಾಗ ಬಾಗಿಲಲ್ಲಿ ಗಂಡ ಇರಲಿಲ್ಲ. ಏಣಿ ಗೋಡೆಗೇ ಆನಿಕೊಂಡಿತ್ತು.

ಆ ಮಧ್ಯಾಹ್ನ ಕಲ್ಲೇಶ ಹೋಳಿಗೆ ತಿಂದ, ತುಪ್ಪ ಕೇಳಿದ. ಚಾನೆಲ್ಲಿನ ಮಾತು ಎತ್ತಲಿಲ್ಲ. ಕೈ ತೊಳೆದು ಬಂದವನು ಒರೆಸಿಕೊಳ್ಳುತ್ತ ಒಂದೇ ಮಾತು ಹೇಳಿದ. 'ದನಿ ಹಿಂದ ಬಿದ್ದೈತಿ ಆ ನೀಲಿ ಬಾಕ್ಸಿಂದು. ಅರ್ಧ ಸೆಕೆಂಡ್.'

ಮರುದಿನದಿಂದ ಫೋನು ಬಿಡುವು ಕೊಡಲಿಲ್ಲ. ಕುಷ್ಟಗಿಯಲ್ಲಿ, ಯಲಬುರ್ಗಾದಲ್ಲಿ ನೋಡಿದವರು ಕೊಪ್ಪಳದ ತಮ್ಮ ನೆಂಟರಿಗೆ ಹೇಳಿದ್ದರು. ಆ ನೆಂಟರೆಲ್ಲ ಕಲ್ಲೇಶನ ಗಿರಾಕಿಗಳು.

'ಹಲೋ, ಕೇಬಲ್ ಆಫೀಸೇನ್ರಿ? ಅಂಗಳ ಯಾಕ ಬರವಲ್ದ್ರಿ ನಮಗ?'

'ಅವರನ್ನ ಕೇಳಿ ಹೇಳ್ತೀನ್ರಿ.'

'ಕೇಳೂದೇನೈತ್ರಿ ಅಕ್ಕಾರ? ಕಲ್ಲೇಶರಿಗೆ ಹೇಳಿದ್ರ ಬರತೈತಿ ಖಾತ್ರಿ ಅಂತ ನೀವ ಅಂದೀರಂತಲ್ರಿ! ನಾವು ಹೇಳಿದ್ವಿ ನೋಡ್ರಿ. ಇನ್ನ ಬರ್ಲಿ.'

ಒಬ್ಬರಲ್ಲ, ಇಬ್ಬರಲ್ಲ. ಕಿರಾಣಿ ಅಂಗಡಿಯ ಶಫೀಸಾಬ ಅರ್ಧ ಕಿಲೋ ಬೆಲ್ಲ ತೂಗುತ್ತ ಕಲ್ಲೇಶನನ್ನೇ ಕೇಳಿದ. 'ಖಾತ್ರಿ ಏನ್ರಿ, ಕಲ್ಲೇಶಣ್ಣ?' ಕಲ್ಲೇಶ ಚಿಲ್ಲರೆ ತೆಗೆದುಕೊಳ್ಳುವುದನ್ನೂ ಮರೆತು ಮನೆಗೆ ಬಂದು ಹೆಂಡತಿಯ ಮುಂದೆ ನಿಂತ.

'ಬ್ಯಾರೆ ಒಡಪು ಸಿಗಲಿಲ್ಲೇನ ನಿನಗ?'

'ಬರೂದು ಅದೊಂದ್ರಿ ನನಗ.'

'ಬೆಳ್ಳಿ ಬಟ್ಟಲಾ, ಮಲ್ಲಿಗಿ ಮಾಲಿ, ಎಷ್ಟು ಇರ್ತಾವ ಲೋಕದಾಗ!'

'ಇರ್ತಾವ್ರಿ. ನಾ ಈ ಮನಿಗೆ ಬಂದಿದ್ದು ಆ ಒಡಪಿಲೆ. ಅದನ್ನ ಬಿಟ್ಟು ಬ್ಯಾರೇದು ಹೇಳಿದ್ರ ಸುಳ್ಳಾಕ್ಕೈತಿ.' ಅವಳು ಬೆಲ್ಲದ ಪೊಟ್ಟಣ ಅವನ ಕೈಯಿಂದ ತೆಗೆದುಕೊಂಡಳು. 'ಈಗ ಅದೂ ಸುಳ್ಳಾತು ಅಂತ ಮಂದಿ ಫೋನ್ ಮಾಡಾಕತ್ಯಾರ. ನಾ ಏನ್ ಹೇಳ್ಲಿ?'

ಕಲ್ಲೇಶ ಮರೆತುಬಂದ ಚಿಲ್ಲರೆ ತರುವೆನೆಂದು ಮತ್ತೆ ಅಂಗಡಿಗೆ ಹೊರಟ.

ನಾಲ್ಕನೆಯ ದಿನ ಬೆಳಿಗ್ಗೆ ತಳಕಲ್ಲಿನಿಂದ ಫೋನು ಬಂತು. ಯಂಕವ್ವನ ಮೊಮ್ಮಗ ಹಚ್ಚಿಕೊಟ್ಟಿದ್ದ. ಮುದಕಮ್ಮನಿಗೆ ಕಿವಿ ಮಂದವೆಂದು ರೇಣುಕಾದೇವಿ ದನಿ ದೊಡ್ಡದು ಮಾಡಿ ಫೋನನ್ನು ಅವಳ ಮಡಿಲಲ್ಲಿಟ್ಟಳು. ಕಲ್ಲೇಶ ಕನ್ನಡಿಯ ಮುಂದೆ ಗಡ್ಡ ಕೆರೆಯುತ್ತಿದ್ದ.

'ತಂಗೀ, ನೋಡಿದೆ ನಿನ್ನ. ನಾಕ ದಿನದಾಗ ಮೂರ ಸಲ ತೋರಿಸಿದ್ರು, ಮೂರೂ ಸಲ ನೋಡಿದೆ. ಕೈ ಎಷ್ಟ ತೆಳ್ಳಗಾಗ್ಯಾವ ನಿನ್ನವು! ರೊಟ್ಟಿ ಮಾತ್ರ ಅವ್ವ ಬಡದಂಗ ಬಡೀತೀದಿ.'

'ನೋಡಿದೇನ ಯಕ್ಕಾ? ಗುರುತು ಸಿಕ್ತೇನ?'

'ಸಿಕ್ಕೇ ಸಿಕ್ತು. ಆದ್ರ ನಿನ್ನ ದನಿ ಯಾಕ ಹಂಗ ಬಂತು? ನೀ ಬಾಯಿ ಮುಚ್ಚಿದ ಮ್ಯಾಲ ಬರತೈತಿ. ಬ್ಯಾರೆ ಯಾರೋ ಹಿಂದ ನಿಂತು ಮಾತಾಡಿದಂಗ. ಕಣ್ಣಿಗೆ ನೀ ಸಿಕ್ಕಿ, ಕಿವಿಗೆ ಸಿಗಲಿಲ್ಲ ನೋಡು.'

ಮುದಕಮ್ಮ ಫೋನನ್ನು ಸವರಿದಳು. ಕನ್ನಡಿಯ ಮುಂದೆ ಕಲ್ಲೇಶನ ಕೈ ಅರ್ಧ ಗಲ್ಲದಲ್ಲೇ ನಿಂತಿತ್ತು. ಮುಖ ತೊಳೆದು ಬಂದವನು ಅಡುಗೆಮನೆಯ ಬಾಗಿಲಲ್ಲಿ ನಿಂತು, 'ಬುತ್ತಿ ಕಟ್ಟೀದೇನ?' ಎಂದ.

'ಕಟ್ಟೀನ್ರಿ. ಅಮೃತಾ ಈಗ...'

'ಇವತ್ತು ನಾ ಒಯ್ತೀನಿ.'

ರೇಣುಕಾದೇವಿ ಗಂಟನ್ನು ಅವನ ಕೈಗೆ ಕೊಟ್ಟಳು. ಅವನು ಅದನ್ನು ಕೈಯಲ್ಲೇ ತೂಗಿ ನೋಡಿ, 'ಹಿಂಡಿ?' ಎಂದ. 'ಐತ್ರಿ' ಎಂದಳು.

ಹೋದವನು ಒಂದು ತಾಸಾದರೂ ಬರಲಿಲ್ಲ. ಮುದಕಮ್ಮ ಎರಡು ಸಲ ಬಾಗಿಲಿಗೆ ಹೋಗಿ ಬಂದಳು. ಕೊನೆಗೆ ಮೋಟರ್ ಸೈಕಲ್ ನಿಂತ ಸದ್ದು. ಮುಂದೆ ಕಲ್ಲೇಶ. ಹಿಂದೆ ಹೆಗಲಿಗೆ ವಯರಿನ ಸುರುಳಿ ಹಾಕಿಕೊಂಡು ಗಾಳೇಶ, ಕೈಯಲ್ಲಿ ಖಾಲಿ ಡಬ್ಬಿ. 'ಸಣ್ಣಪ್ಪಾ' ಎಂದಳು ಮುದಕಮ್ಮ, ಅಷ್ಟೇ.

'ಏನಂದ್ರು ನಿಮ್ಮಣ್ಣ?' ಎಂದು ರೇಣುಕಾದೇವಿ ಮೆಲ್ಲಗೆ ಕೇಳಿದಳು.

'ಏನೂ ಅನ್ನಲಿಲ್ಲ ವೈನಿ. ಬಂದ್ರು, ಗಾದಿ ಎಲ್ಲಾ ಮುಟ್ಟಿ ನೋಡಿದ್ರು. ನೀ ಕಳಿಸೂ ದನಿ ಬರಾಬರಿ ಐತಿ, ಅಮರಪ್ಪನ ಕಡೆ ಕೆಡಾಕತ್ತೈತಿ ಅಂದ್ರು. ಉಣ್ಣು ಅಂದ್ರು. ನಾ ಉಣ್ಣೂತನಾ ಕುಂತಿದ್ರು.'

'ಲೇ ತಮ್ಮಾ, ಮಾತ ಸಾಕು, ಮ್ಯಾಲ ಬಾ!' ಮಾಳಿಗೆಯಿಂದ ಕೂಗು ಬಂತು. ಮೊಳೆಗೆ ತೂಗುತ್ತಿದ್ದ ಕೀಲಿ ಆಗಲೇ ಹೋಗಿತ್ತು.

ಗಾಳೇಶ ಎರಡೆರಡು ಮೆಟ್ಟಿಲು ಹಾರಿ ಹತ್ತಿದ. ರೇಣುಕಾದೇವಿ ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದಳು. ಮೇಲೆ ಕಲ್ಲೇಶ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದ.

'ಅಮರಪ್ಪನವ್ರೇನ್ರಿ? ನಾ ಕೊಪ್ಪಳದ ಕಲ್ಲೇಶ... ಹೌದ್ರಿ, ಅವನ ಕಲ್ಲೇಶ. ಜಗಳಕ್ಕಲ್ರಿ, ಕೆಲಸಕ್ಕ ಫೋನ್ ಮಾಡೀನಿ. ಎಂಟುನೂರಾ ಹದಿನಾಲ್ಕರಾಗ ದನಿ ಹಿಂದ ಬೀಳಾಕತ್ತೈತಿ ನಿಮ್ಮದು. ನಿಮ್ಮ ಮಶಿನ್ನಿನ್ಯಾಗ ಆಡಿಯೋದ್ದು ಒಂದು ಸೆಟ್ಟಿಂಗ್ ಇರತೈತಿ, ನಾ ಹೇಳ್ತೀನಿ, ಬರ್ಕೋರಿ... ಇವತ್ತ ಮಾಡ್ರಿ. ತಳಕಲ್ಲಾಗ ನಮ್ಮ ದೊಡ್ಡವ್ವ ನೋಡತಾಳ್ರಿ.' ಸ್ವಲ್ಪ ಹೊತ್ತು ಆ ಕಡೆಯ ಮಾತು. ಆಮೇಲೆ ಕಲ್ಲೇಶ ನಕ್ಕದ್ದು ಕೇಳಿಸಿತು. 'ಹೂನ್ರಿ, ನಮ್ಮ ಮನಿಯವರದ್ದ ಆ ಒಡಪು. ಖಾತ್ರಿ.'

ಬಹಳ ಹಿಂದೆ, ಛತ್ರಿ ತಿರುಗಿಸುವ ಕಾಲದಲ್ಲಿ, ಹೀಗೆಯೇ ನಡೆಯುತ್ತಿತ್ತು. ಕಲ್ಲೇಶ ಮೇಲಿನಿಂದ ಕೂಗುವನು. ನಡು ಮೆಟ್ಟಿಲಲ್ಲಿ ನಿಂತ ಸಣ್ಣ ಗಾಳೇಶ ಆ ಕೂಗನ್ನು ಕೆಳಗೆ ದಾಟಿಸುವನು. ಟಿವಿಯ ಮುಂದೆ ನಿಂತ ಹೊಸ ಸೊಸೆ ರೇಣುಕಾದೇವಿ ಬಂತು, ಹೋಯಿತು, ಮತ್ತೆ ಬಂತು ಎಂದು ಹೇಳುವಳು. ಈಗ ಗಾಳೇಶ ತಾನಾಗಿಯೇ ಬಂದು ಅದೇ ನಡು ಮೆಟ್ಟಿಲಲ್ಲಿ ನಿಂತ. ರೇಣುಕಾದೇವಿ ಒಳಗೆ ಹೋಗಿ ನೂರಾ ಎರಡು ಒತ್ತಿದಳು. ಕಪ್ಪು.

'ಬಂತೇನ?' ಮಾಳಿಗೆಯಿಂದ ಕಲ್ಲೇಶ.

'ಬಂತೇನ್ರಿ ವೈನಿ?' ಮೆಟ್ಟಿಲಿನಿಂದ ಗಾಳೇಶ.

'ಇನ್ನೂ ಇಲ್ಲ.'

'ಇಲ್ಲಂತಣ್ಣ!'

'ತಡೀರಿ.'

ಪರದೆ ಒಮ್ಮೆ ಮಿಂಚಿ, ಚೌಕ ಚೌಕವಾಗಿ ಒಡೆದು, ಕೂಡಿಕೊಂಡಿತು. ಹಸಿರು ಸೀರೆ. ಹಿಟ್ಟಿನ ಕೈ. ಮುದಕಮ್ಮ ರೊಟ್ಟಿ ಬಡಿದಳು, ಬಡಿದ ಕೂಡಲೇ ಸಪ್ಪಳ ಕೇಳಿತು. ಪರದೆಯ ಮೇಲಿನ ರೇಣುಕಾದೇವಿ ಬಾಯಿ ತೆರೆದಳು. ಏಣಿ, ಮಾಳಿಗಿ, ಛತ್ರಿ, ಎಲ್ಲವೂ ತುಟಿಯ ಜೊತೆಜೊತೆಗೆ ಬಂದವು. ಆಮೇಲೆ ಆ ಹೆಸರು. ಹತ್ತೊಂಬತ್ತು ವರ್ಷದಲ್ಲಿ ತನ್ನ ಬಾಯಿ ಅದನ್ನು ಹೇಳುವಾಗ ಹೇಗೆ ಕಾಣುತ್ತದೆ ಎಂದು ಅವಳು ನೋಡಿದ್ದು ಅದೇ ಮೊದಲು.

'ಅಯ್ಯಯ್ಯ, ಈಗ ಬಾಯಿಲೇ ಹೇಳಿದ್ಯಲ್ಲೇ ನನ್ನ ಸೊಸೀ!' ಎಂದಳು ಮುದಕಮ್ಮ.

'ಬಂತೇನ?'

'ವೈನಿ, ಬಂತೇನ್ರಿ?'

ರೇಣುಕಾದೇವಿ ಸೆರಗಿನಲ್ಲಿ ಮುಖ ಹುದುಗಿಸಿ ನಿಂತಿದ್ದಳು. ಗಾಳೇಶ ಬಗ್ಗಿ ನೋಡಿದ. 'ಅಣ್ಣ, ವೈನಿ ನಗಾಕತ್ಯಾರ!'

'ನಗೂದು ಯಾರ ಕೇಳಿದ್ರಲೇ? ಬಂತೋ ಇಲ್ಲೋ ಕೇಳು!'

ಅವಳು ಹೊರಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತು ತಲೆ ಎತ್ತಿದಳು. ಮೇಲೆ ಬಾಗಿಲಗಲದ ಆಕಾಶ, ತುಕ್ಕು ಹಿಡಿದ ಹಳೆಯ ಛತ್ರಿಯ ಅಂಚು, ಅದಕ್ಕೆ ಕೈಯಾನಿಸಿ ಬಗ್ಗಿ ನೋಡುತ್ತಿದ್ದ ಗಂಡನ ಮುಖ.

'ಬರತೈತ್ರಿ,' ಎಂದಳು. 'ಖಾತ್ರಿ.'

ಆಮೇಲೆ, ದನಿ ಏರಿಸಿ, ಇಬ್ಬರಿಗೂ ಕೇಳುವಂತೆ ಹೇಳಿದಳು. 'ಇನ್ನ ಇಳೀರಿ ಇಬ್ರೂ. ರೊಟ್ಟಿ ಆರಾಕತ್ಯಾವ.'